ಉದ್ರಿ

ಕ್ರೆಡಿಟ್ ಅಂದೆ. ಅಪ್ಪ ತಕ್ಕಡಿಯಿಂದ ಕಣ್ಣೆತ್ತಲಿಲ್ಲ.
"ಉದ್ರಿ ಏನವ್ವ? ಯುನಿವರ್ಸಿಟಿಯವರೂ ಉದ್ರಿ ಕೊಡ್ತಾರೇನ?"
ಹಿಂದಿನ ಗೋಡೆಯಲ್ಲಿ ಎರಡು ಭಾಷೆಯ ಒಂದೇ ಜಗಳ:
ಆಜ್ ರೋಖ್, ಉದ್ಯಾ ಉಧಾರ್.
ಇಂದು ನಗದು, ನಾಳೆ ಉದ್ರಿ.
ಹಡಪಸರದ ನಮ್ಮ ಓಣಿಗೆ ಆ ನಾಳೆ
ಇದುವರೆಗೆ ಬಂದಿಲ್ಲ;
ಬಂದದ್ದು ಬರೇ ಉದ್ರಿ.

ಹನ್ನೊಂದನೆಯ ಇಯತ್ತೆ ಮುಗಿಸಿದವರಿಗೆ
ಮೇ ತಿಂಗಳಿಂದ ಐದು ವಾರ, ಭೂವಿಜ್ಞಾನ,
ಎರಡು ಕ್ರೆಡಿಟ್ಟು.
ಪಾಸಾದರೆ ಬರೆದಿಟ್ಟುಕೊಳ್ಳುತ್ತಾರೆ,
ಡಿಗ್ರಿಗೆ ಸೇರಿದ ಮೇಲೆ ಬಿಡಿಸಿಕೊಳ್ಳಬಹುದು.
"ಅಂದ್ರ ರೊಕ್ಕ ಕೊಡೋರು ನಾವು, ಬರ್ಕೊಳ್ಳೋರು ಅವರು,
ಆಮ್ಯಾಲೆ ನಮಗ ನಮ್ದ ತಿರುಗಿ ಕೊಡೋದು."
ಹೆಸರುಕಾಳಿನ ಪೊಟ್ಟಣ ಮಡಚುತ್ತ ಯೋಚಿಸಿದ.
"ತಲಿಕೆಟ್ಟ ವ್ಯಾಪಾರ. ಫೀ ಎಷ್ಟ?"

ಗಲ್ಲೆಯಿಂದ ತೆಗೆದ ಹತ್ತು, ಇಪ್ಪತ್ತು, ಮಾಸಿದ ಐವತ್ತು.
ಕಿಟಕಿಯಾಚೆಯ ಜೋಗಳೇಕರ್ ಬಾಯಿ
ಎಣಿಸುತ್ತ ಎಣಿಸುತ್ತ ಮೂರು ಸಲ ಸೀನಿದರು:
ಬ್ಯಾಡಗಿ ಮೆಣಸಿನಕಾಯಿ
ನನಗಿಂತ ಮೊದಲೇ ದಾಖಲಾಗಿತ್ತು.

ಎರಡು ಬಸ್ಸು, ಸಿಗ್ನಲ್ಲುಗಳ ನಡುವೆ ತುಂಡು ನಿದ್ದೆ.
ರಜೆಯ ಕ್ಯಾಂಪಸ್ಸು. ಗುಲ್‌ಮೊಹರಿನ ಕೆಳಗೆ ಕೆಂಪು ಕಸ,
ಬೀಗ ಬಿದ್ದ ಕ್ಯಾಂಟೀನಿನ ಮುಂದೆ
ಹಾಸ್ಟೆಲ್ ಹುಡುಗರಿಗಾಗಿ ಕಾಯುವ ನಾಯಿ.
ಲ್ಯಾಬಿನ ಎತ್ತರದ ಸ್ಟೂಲುಗಳಲ್ಲಿ
ನಮ್ಮ ಚಪ್ಪಲಿಗಳು ನೆಲ ಮುಟ್ಟದೆ ತೂಗಿದವು.
ಸರ್ ನನ್ನೊಬ್ಬಳಿಗೇ 'ತುಮ್ಹಿ' ಅಂದರು, ಬಹುವಚನ.
ಹಿಂದೆ ತಿರುಗಿ ನೋಡಿದೆ,
ಯಾರೋ ಹಿರಿಯರು ಬಂದಿರಬೇಕು.

ಪಕ್ಕದ ಅನ್ವಿತಾ ರಾಜವಾಡೆಗೆ
ಹೊರದೇಶದ ಅರ್ಜಿಯಲ್ಲಿ ತುಂಬಲು ಒಂದು ಸಾಲು ಬೇಕಂತೆ.
ಅವಳ ಕಾರು ಹೊರಗೆ ಗುರುಗುಡುತ್ತ ತಣ್ಣಗೆ ಕಾಯುತ್ತದೆ.
ಆದರೂ ಭೂತಗನ್ನಡಿ ಹಂಚಿಕೊಂಡಳು,
ಅವಳ ಉಸಿರಿನ ಮಬ್ಬು ಅದರ ಮೇಲಿನ್ನೂ ಆರಿರಲಿಲ್ಲ.
ನನ್ನ ಕಾರ್ಡಿನಲ್ಲಿ 'ತಾತ್ಕಾಲಿಕ' ಎಂದಿದೆ; ಅವಳದರಲ್ಲೂ.
ಲೈಬ್ರರಿಯ ಪುಸ್ತಕ ಕೂತು ಓದಬಹುದು, ಒಯ್ಯುವಂತಿಲ್ಲ.
ಅಲ್ಲೂ ಇಂದು ನಗದು.

ಮೂರನೆಯ ವಾರ, ವೇತಾಳ ಗುಡ್ಡದ ಹಳೆಯ ಕಲ್ಲುಗಣಿ.
ಬಿಸಿಲು ಮೇಲಿಂದ ಬೀಳದೆ ಕಲ್ಲಿನಿಂದ ಏಳುತ್ತಿತ್ತು.
"ಇದು ಹರಿದದ್ದು," ಸರ್ ಕರಿಯ ಗೋಡೆ ತಟ್ಟಿದರು.
ಆರೂವರೆ ಕೋಟಿ ವರ್ಷದ ಹಿಂದೆ.
ನಾನು ಬೆಲ್ಲದ ಪಾಕ ಎಂದು ಬರೆದುಕೊಂಡೆ.
ಆರುವಾಗ ಒಳಗೆ ಸಿಕ್ಕಿದ ಗಾಳಿ
ಹೊರಬರಲಾಗದೆ ಗುಳ್ಳೆಯಾಗಿ ಉಳಿಯಿತು. ಬರೀ ಪೊಳ್ಳು.
ಆಮೇಲೆ ನೀರು ಬಂತು, ಸಂದಿಯಿಂದ,
ತೊಟ್ಟು ತೊಟ್ಟು, ಯಾವ ಅವಸರವೂ ಇಲ್ಲದೆ,
ಪೊಳ್ಳಿನ ಗೋಡೆಗೆ ಏನನ್ನೋ ಹಚ್ಚುತ್ತ ಹಚ್ಚುತ್ತ.
ಸುತ್ತಿಗೆ ಬಿತ್ತು.
ಕರಿಗಲ್ಲಿನ ಹೊಟ್ಟೆಯಲ್ಲಿ ಬಿಳಿ ಹರಳಿನ ಹೂ.
ಯಾರೂ ಮಾತಾಡಲಿಲ್ಲ. ಅನ್ವಿತಾ ಫೋಟೋ ತೆಗೆಯಲು ಮರೆತಳು.

ರಾತ್ರಿ ಅರ್ಧ ಶಟರ್ ಎಳೆದು
ಆ ಚೂರನ್ನು ಅಪ್ಪ ತಕ್ಕಡಿಯಲ್ಲಿಟ್ಟ, ಅಭ್ಯಾಸಬಲ:
ನೂರಾ ತೊಂಬತ್ತು ಗ್ರಾಂ.
ಬಲ್ಬಿನ ಕೆಳಗೆ ಹಿಡಿದು ತಿರುಗಿಸಿದ.
"ಇದ ಕಲ್ಲ ನಮ್ಮವ್ವ ಒಡದಾಳ, ಇಲ್ಲೇ, ರಸ್ತೇಕ,
ಬುಟ್ಟಿಗೆ ನಾಕಾಣೆ.
ಹೂ ಕಂಡದ್ದ ಒಂದಿನಾನೂ ಹೇಳ್ಲಿಲ್ಲ."
ಸ್ವಲ್ಪ ತಡೆದು,
"ಕಂಡಿರಬೇಕ ಬಿಡು. ಹೂವಿಗೆ ಬ್ಯಾರೆ ರೇಟ್ ಇರ್ಲಿಲ್ಲ."

ಪರೀಕ್ಷೆಯಲ್ಲಿ ಆ ಹರಳಿನ ಹೆಸರು ಮರೆತೆ.
ಗೊತ್ತಿದ್ದುದನ್ನು ಬರೆದೆ: ನೀರು, ಪೊಳ್ಳು, ಕಾಲ.
ಬಿ ಗ್ರೇಡು. ಎರಡು ಕ್ರೆಡಿಟ್ಟು.

ಅಪ್ಪ ಉದ್ದನೆಯ ಕೆಂಪು ಖಾತೆ ಬಿಚ್ಚಿದ.
ರಿಕ್ಷಾದ ದತ್ತೂ, ೩೪೦.
ಇಸ್ತ್ರಿ ಮೌಶಿ, ೮೫.
ಅದರ ಕೆಳಗೆ, ನಾಲಿಗೆಗೆ ತಾಗಿಸಿದ ಪೆನ್ಸಿಲಿನಲ್ಲಿ,
ಯುನಿವರ್ಸಿಟಿ, ಗಣೇಶಖಿಂಡ. ಬರಬೇಕಾದದ್ದು, ೨.
ಒಂದು ಗೆರೆ ಖಾಲಿ ಬಿಟ್ಟ.

ಆಗಲೇ ಯಾರೋ ಶಟರ್ ತಟ್ಟಿದರು.
ಅರ್ಧ ಲೀಟರ್ ಎಣ್ಣೆ, ಕಾಕಾ.
ಉದ್ಯಾ ದೇತೋ.